ನೋಡಲು ಬರುವವರು ಊರಿನ ಮಾತು ಕೇಳಲಿ

ಬೆಂಗಳೂರಿನಿಂದ ಮಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿ ಸಕಲೇಶಪುರ ದಾಟಿ, ಶಿರಾಡಿ ಘಾಟಿಗೆ ಇಳಿಯುವ ಮುನ್ನ ಸಿಗುವ ಊರು ಮಾರನಹಳ್ಳಿ. ಬಸ್ಸಿನಲ್ಲಿ ನಿದ್ದೆ ಹೋದವರಿಗೆ ಅದು ಬಂದದ್ದೂ ಗೊತ್ತಾಗುವುದಿಲ್ಲ, ಹೋದದ್ದೂ ಗೊತ್ತಾಗುವುದಿಲ್ಲ. ಸರ್ಕಾರದ ಕಾಗದಗಳಲ್ಲಿ ಅದು ಹಾಸನ-ಮಾರನಹಳ್ಳಿ ಚತುಷ್ಪಥ ಕಾಮಗಾರಿಯ ಒಂದು ತುದಿ. ನನಗೆ ಮಾತ್ರ ಚಿಕ್ಕಂದಿನಿಂದಲೂ ಸೋದರಮಾವನ ಮನೆಗೆ ಹೋಗಲು ಬಸ್ಸಿಳಿಯುವ ಜಾಗ.

ಕಳೆದ ಸುಗ್ಗಿಯ ಹೊತ್ತಿಗೆ ಕಚೇರಿಯ ಮೂವರು ಗೆಳೆಯರನ್ನು ಕರೆದುಕೊಂಡು ಅಲ್ಲಿಗೆ ಹೋಗಿದ್ದೆ. ಮಲೆನಾಡಿನ ಹಳೆಯ ಊರುಗಳನ್ನು ನೋಡಬೇಕೆಂಬುದು ಅವರ ಆಸೆ. ಎರಡು ದಿನ ನಾನೇ ಮಾರ್ಗದರ್ಶಿ. ಮಂಜರಾಬಾದ್ ಕೋಟೆ ಹತ್ತಿದೆವು. ಕರಾವಳಿಯಿಂದ ಶ್ರೀರಂಗಪಟ್ಟಣಕ್ಕೆ ಬರುವ ದಾರಿಯ ಕಾವಲಿಗೆಂದು ಟಿಪ್ಪು ಸುಲ್ತಾನ್ 1792ರ ಸುಮಾರಿಗೆ ಎಂಟು ಮೂಲೆಯ ನಕ್ಷತ್ರದ ಆಕಾರದಲ್ಲಿ ಕಟ್ಟಿಸಿದ ಕೋಟೆ ಅದು. ಮಾರನೆಯ ದಿನ ಬಿಸಿಲೆಯ ಕಡೆ ಹೋಗಿ, ಮಂಕನಹಳ್ಳಿಯ ಬಳಿ ಮಳೆಯ ನೀರು ಎರಡು ಪಾಲಾಗುವ ಏಣನ್ನು ತೋರಿಸಿದೆ. ಒಂದು ಮಗ್ಗುಲಿಗೆ ಬಿದ್ದ ಹನಿ ಕುಮಾರಧಾರೆಯನ್ನು ಸೇರಿ ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ಇನ್ನೊಂದು ಮಗ್ಗುಲಿನದು ಹೇಮಾವತಿ, ಕಾವೇರಿಗಳ ಮೂಲಕ ಬಂಗಾಳ ಕೊಲ್ಲಿಯನ್ನು ಮುಟ್ಟುತ್ತದೆ. ಗೆಳೆಯರು ಸಂತೋಷಪಟ್ಟರು. ನನಗೂ ಹೆಮ್ಮೆಯಾಯಿತು.

ಆ ರಾತ್ರಿ ಮಾವನ ಊರಿನಲ್ಲಿ ಸುಗ್ಗಿ. ಸಕಲೇಶಪುರ ಸೀಮೆಯ ಊರುಗಳಲ್ಲಿ ಸುಗ್ಗಿಯೆಂದರೆ ಗ್ರಾಮದೇವತೆಯ ಹಬ್ಬ. ಸುಗ್ಗಿ ಸಾರಿದ ಮೇಲೆ ಅದು ಮುಗಿಯುವವರೆಗೆ ಊರಿಗೆ ಊರೇ ಒಂದು ಕಟ್ಟಿಗೆ ಒಳಪಡುತ್ತದೆ. ಹಸಿ ಮರಕ್ಕೆ ಕೊಡಲಿ ಹಾಕುವಂತಿಲ್ಲ, ಮನೆಯಲ್ಲಿ ಮಾಂಸ ಬೇಯಿಸುವಂತಿಲ್ಲ, ಒಗ್ಗರಣೆಯ ಸದ್ದೂ ಕೇಳಿಸುವಂತಿಲ್ಲ. ಊರಿಂದೂರಿಗೆ ನಿಯಮ ಸ್ವಲ್ಪ ಹೆಚ್ಚುಕಡಿಮೆಯಾದರೂ, ಕೆಲವು ದಿನ ನೆಲವನ್ನೂ ನಾಲಿಗೆಯನ್ನೂ ಹಿಡಿತದಲ್ಲಿ ಇಡಬೇಕೆಂಬ ಭಾವ ಎಲ್ಲೆಡೆ ಒಂದೇ. ಗುಡಿಯ ಮುಂದೆ ಕುಣಿತಕ್ಕೆ ಜನ ಸೇರುತ್ತಿದ್ದ ಹೊತ್ತಿಗೆ ಕಣಿವೆಯ ಆಚೆಯಿಂದ ಧ್ವನಿವರ್ಧಕದ ಅಬ್ಬರ ಶುರುವಾಯಿತು. ತೋಟವೊಂದರ ನಡುವೆ ಹೊಸದಾಗಿ ಎದ್ದಿರುವ ವಸತಿಯಲ್ಲಿ ವಾರಾಂತ್ಯದ ಕುಣಿತವಂತೆ. ಸ್ವಲ್ಪ ಹೊತ್ತಿಗೆ ಅಲ್ಲಿಂದಲೇ ಎರಡು ಜೀಪುಗಳಲ್ಲಿ ಹುಡುಗರು ‘ಹಳ್ಳಿಯ ಹಬ್ಬ’ ನೋಡಲು ಬಂದರು. ಮೊಬೈಲುಗಳ ಬೆಳಕು ದೇವರ ಮೇಲೂ ಬಿತ್ತು, ಕುಣಿಯುವವರ ಮುಖದ ಮೇಲೂ ಬಿತ್ತು. ಬೂಟು ಹಾಕಿಕೊಂಡೇ ಗುಡಿಯ ಅಂಗಳಕ್ಕೆ ಕಾಲಿಟ್ಟವರನ್ನು ಹಿರಿಯರೊಬ್ಬರು ಕೈ ಅಡ್ಡ ಹಿಡಿದು ತಡೆದರು. ಹಾಗೆ ತಡೆಸಿಕೊಂಡವರಲ್ಲಿ ನನ್ನ ಗೆಳೆಯನೂ ಒಬ್ಬ. ಎರಡು ದಿನ ಕೋಟೆ, ನದಿ, ಇಸವಿ ಎಲ್ಲವನ್ನೂ ಹೇಳಿದ್ದ ನಾನು ಅವನಿಗೆ ಹೇಳಲೇಬೇಕಾಗಿದ್ದ ಈ ಒಂದು ಮಾತನ್ನು ಹೇಳಿರಲಿಲ್ಲ.

ಬೆಳಿಗ್ಗೆ ಮಾವ ನನ್ನನ್ನು ಗದ್ದೆಯ ಕಡೆ ಕರೆದುಕೊಂಡು ಹೋದರು. ಎರಡು ಎಕರೆ ಗದ್ದೆ ನಾಲ್ಕು ವರ್ಷದಿಂದ ಬೀಳುಬಿದ್ದಿದೆ. ಆಳು ಸಿಗುವುದಿಲ್ಲ, ನಾಟಿ ಮಾಡಿದರೂ ತೆನೆ ಹಾಲುಗಟ್ಟುವ ಹೊತ್ತಿಗೆ ಆನೆ ಇಳಿಯುತ್ತದೆ. ನಗರದವರೊಬ್ಬರು ಅದನ್ನು ಗುತ್ತಿಗೆಗೆ ಕೇಳಿದ್ದಾರಂತೆ, ಡೇರೆ ಹಾಕಿ ಪ್ರವಾಸಿಗಳನ್ನು ಇಳಿಸುವುದಕ್ಕೆ. ‘ಅವ್ರು ಒಂದ್ ವರ್ಷಕ್ಕೆ ಕೊಡ್ತೀನಿ ಅನ್ನೋ ದುಡ್ಡು ಈ ಗದ್ದೆ ಹತ್ತು ವರ್ಷ ಬೆಳೆದ್ರೂ ಹುಟ್ಟಲ್ಲ. ನೀನು ಓದಿದೋನು, ಹೇಳಪ್ಪ, ಏನ್ ಮಾಡ್ಲಿ?’ ಎಂದರು. ನನಗೆ ಉತ್ತರ ಹೊಳೆಯಲಿಲ್ಲ. ಈ ಲೇಖನ ಆ ಪ್ರಶ್ನೆಗೆ ತಡವಾಗಿ ಹುಡುಕುತ್ತಿರುವ ಉತ್ತರ.

ಮೊದಲಿಗೆ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಈ ಊರುಗಳು ಪ್ರವಾಸಿಗಳಿಗೆ ಬಾಗಿಲು ತೆರೆದದ್ದು ದುರಾಸೆಯಿಂದಲ್ಲ. 2000ದ ಆಸುಪಾಸಿನ ಕೆಲವು ವರ್ಷ ಜಗತ್ತಿನ ಮಾರುಕಟ್ಟೆಯಲ್ಲಿ ಕಾಫಿಯ ಬೆಲೆ ನೆಲಕಚ್ಚಿದಾಗ, ಕೊಯ್ಲಿನ ಕೂಲಿಯೂ ಹುಟ್ಟದೆ ಬೆಳೆಗಾರರು ಕಂಗಾಲಾಗಿದ್ದರು. ಆಗ ಮನೆಯ ಎರಡು ಕೋಣೆಗಳನ್ನು ಅತಿಥಿಗಳಿಗೆ ಬಿಟ್ಟುಕೊಟ್ಟು, ಅಕ್ಕಿರೊಟ್ಟಿ, ಕಡುಬು, ಕಳಲೆ ಪಲ್ಯ ಬಡಿಸಿ ಎಷ್ಟೋ ಕುಟುಂಬಗಳು ಸಾಲದಿಂದ ಪಾರಾದವು. ಮನೆಯವರೇ ಬಡಿಸುತ್ತಿದ್ದರು, ಮನೆಯವರೇ ತೋಟ ಸುತ್ತಿಸುತ್ತಿದ್ದರು. ಸುಗ್ಗಿ ಬಂದರೆ ‘ಈ ವಾರ ಬೇಡಿ’ ಎಂದು ಹೇಳುವ ಸ್ವಾತಂತ್ರ್ಯವೂ ಅವರಿಗಿತ್ತು. ಹೋಮ್‌ಸ್ಟೇ ಎಂಬ ಮಾತಿನ ಅರ್ಥವೇ ಅದು. ಇಂದು ಅದೇ ಹೆಸರಿನ ಫಲಕ ಹೊತ್ತ ಎಷ್ಟೋ ಕಡೆಗಳಲ್ಲಿ ಮನೆಯೂ ಇಲ್ಲ, ಮನೆಯವರೂ ಇಲ್ಲ. ಮಾಲೀಕ ನಗರದಲ್ಲಿ, ವ್ಯವಸ್ಥಾಪಕ ಪರಊರಿನವನು. ಊರಿನ ಪಾಲಿಗೆ ಉಳಿದಿರುವುದು ರಾತ್ರಿಯ ಸದ್ದು, ಹಳ್ಳಕ್ಕೆ ಬಂದು ಬೀಳುವ ಬಾಟಲಿ.

ಈ ನೆಲದ ಚರಿತ್ರೆಯನ್ನು ನೋಡಿದರೆ, ಇಲ್ಲಿನವರನ್ನು ಕೇಳದೆಯೇ ಇಲ್ಲಿನದನ್ನು ತೀರ್ಮಾನಿಸುವುದು ಹಳೆಯ ರೂಢಿ. ಬ್ರಿಟಿಷರಿಗೆ ತಲೆಬಾಗದ ಐಗೂರಿನ ಪಾಳೆಯಗಾರನನ್ನು 1802ರಲ್ಲಿ ಗಲ್ಲಿಗೇರಿಸಲಾಯಿತು. ಅರ್ಧ ಶತಮಾನದ ತರುವಾಯ ಕಾಫಿ ಬೆಳೆಯಲು ಬಂದ ಯುರೋಪಿಯನ್ನರಲ್ಲಿ ಒಬ್ಬನಾದ ರಾಬರ್ಟ್ ಎಲಿಯಟ್, ಮೈಸೂರು ಸೀಮೆಯ ಚಿನ್ನ, ಬೇಟೆ ಮತ್ತು ಕಾಫಿಯ ಬಗ್ಗೆ 1894ರಲ್ಲಿ ಒಂದು ಪುಸ್ತಕವನ್ನೇ ಪ್ರಕಟಿಸಿದ. ನಮ್ಮ ಕಾಲದಲ್ಲಿ ಬಯಲುಸೀಮೆಗೆ 24 ಟಿಎಂಸಿ ನೀರು ಕೊಡುವುದಾಗಿ ಎತ್ತಿನಹೊಳೆ ಯೋಜನೆ ಬಂತು. 2014ರಲ್ಲಿ ಶಂಕುಸ್ಥಾಪನೆಯಾಗಿ, 2024ರ ಸೆಪ್ಟೆಂಬರಿನಲ್ಲಿ ಮೊದಲ ಹಂತ ಉದ್ಘಾಟನೆಯಾಯಿತು. ಕೊಳವೆಗಳು ಹಾದುಹೋದದ್ದು ಇದೇ ಗುಡ್ಡಗಳ ಎದೆಯ ಮೇಲೆ. ಹೆದ್ದಾರಿ ಅಗಲಗೊಳಿಸಲು ಗುಡ್ಡವನ್ನು ಕಡಿದಾಗಿ ಕೊರೆದ ದೊಡ್ಡತಪ್ಪಲು ಬಳಿ 2024ರ ಜುಲೈನಲ್ಲಿ ಮಣ್ಣು ಮತ್ತೆ ಮತ್ತೆ ಕುಸಿದು ಸಂಚಾರ ನಿಂತಿತು. ರಸ್ತೆ ಬೇಡ, ನೀರು ಬೇಡ ಎಂದು ನಾನು ಹೇಳುತ್ತಿಲ್ಲ. ಆದರೆ ಪ್ರತಿ ಬಾರಿಯೂ ಲೆಕ್ಕ ಹಾಕಿದವರು ಘಟ್ಟದ ಹೊರಗಿನವರು, ಮಣ್ಣು ತೆಗೆದವರು ಘಟ್ಟದ ಒಳಗಿನವರು. ಪ್ರವಾಸೋದ್ಯಮವೂ ಇದೇ ಸಾಲಿಗೆ ಸೇರಬೇಕೇ?

ಆನೆಯ ಮಾತೂ ಹೀಗೆಯೇ. ಪ್ರವಾಸಿಗೆ ಆನೆ ಕಂಡರೆ ಅದೃಷ್ಟ. ಇಲ್ಲಿನ ಕೂಲಿಗೆ ಕಂಡರೆ ಅದು ಬದುಕಿನ ಪ್ರಶ್ನೆ. ಆಲೂರು-ಸಕಲೇಶಪುರ ಭಾಗದಲ್ಲಿ 2014ರಲ್ಲಿ ಇಪ್ಪತ್ತಕ್ಕೂ ಹೆಚ್ಚು ಆನೆಗಳನ್ನು ಹಿಡಿದು ಸಾಗಿಸಿದರೂ ಸಂಘರ್ಷ ನಿಲ್ಲಲಿಲ್ಲ. ಎಂಟು ವರ್ಷ ದಸರಾ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರ್ 4ರಂದು ಕಾಡಾನೆಯೊಡನೆ ಸೆಣಸಿ ಮಡಿದದ್ದು ಇದೇ ತಾಲ್ಲೂಕಿನ ಯಸಳೂರು ಬಳಿ. ಆನೆಯ ದಾರಿಯಲ್ಲಿ ರಾತ್ರಿಯಿಡೀ ಬೆಂಕಿ, ಬೆಳಕು, ಸದ್ದು ಹಾಕಿದರೆ ಅದು ದಾರಿ ಬದಲಿಸಿ ಇಳಿಯುವುದು ಪಕ್ಕದ ಲೈನ್ ಮನೆಗಳ ಅಂಗಳಕ್ಕೆ. ಮಾವನ ಗದ್ದೆಯಲ್ಲಿ ಡೇರೆ ಹಾಕುವವರು ಈ ಲೆಕ್ಕವನ್ನು ಯಾರ ಖಾತೆಗೆ ಬರೆಯುತ್ತಾರೆ?

ಹೊರಗಿನ ಒಂದು ಉದಾಹರಣೆ ಇಲ್ಲಿ ಉಪಯುಕ್ತ. ನಮಗೆ ಕಾಫಿ ಹೇಗೋ ಫ್ರಾನ್ಸಿನ ಅಲ್ಸಾಸ್ ಪ್ರಾಂತ್ಯಕ್ಕೆ ದ್ರಾಕ್ಷಿ ಹಾಗೆ. ಅಲ್ಲಿನ ದ್ರಾಕ್ಷಾರಸದ ಊರುಗಳನ್ನು ಪೋಣಿಸುವ ಸುಮಾರು 170 ಕಿ.ಮೀ. ಉದ್ದದ ಪ್ರವಾಸಿ ಮಾರ್ಗ 1953ರಲ್ಲೇ ಶುರುವಾಯಿತು. ಆ ದೇಶದಲ್ಲಿ 1982ರಲ್ಲಿ ‘ಫ್ರಾನ್ಸಿನ ಅತಿ ಸುಂದರ ಗ್ರಾಮಗಳು’ ಎಂಬ ಒಕ್ಕೂಟವೂ ಹುಟ್ಟಿಕೊಂಡಿತು. ಅಲ್ಸಾಸಿನ ರಿಕ್ವಿರ್, ಎಗಿಸ್‌ಹೈಮ್ ಅದರ ಸದಸ್ಯ ಊರುಗಳು. ಜನಸಂಖ್ಯೆ 2,000ದ ಒಳಗಿರಬೇಕು, ಕನಿಷ್ಠ ಎರಡು ಸಂರಕ್ಷಿತ ಸ್ಮಾರಕ ಅಥವಾ ತಾಣಗಳಿರಬೇಕು. ನನಗೆ ಮುಖ್ಯವೆನಿಸುವುದು ಮೂರನೆಯ ಷರತ್ತು: ಊರಿನ ಚುನಾಯಿತ ಮಂಡಳಿಯೇ ನಿರ್ಣಯ ಮಾಡಿ ಅರ್ಜಿ ಹಾಕಬೇಕು. ಸೇರಿದ ಮೇಲೂ ಪರಿಶೀಲನೆ ತಪ್ಪುವುದಿಲ್ಲ. ಗುಣ ಕೆಟ್ಟರೆ ಹೆಸರು ಹೋಗುತ್ತದೆ. ಅಲ್ಲಿಯೂ ಎಲ್ಲವೂ ಸುಖವಾಗಿಲ್ಲ. ಜನಜಂಗುಳಿಯ ದೂರು ಅಲ್ಲೂ ಇದೆ. ಆದರೂ ‘ಬನ್ನಿ’ ಎನ್ನುವ ಮಾತು ಊರಿನ ಬಾಯಿಂದ ಹೊರಡಬೇಕು ಎಂಬ ತತ್ವವಾದರೂ ಅಲ್ಲಿದೆ.

ನಮ್ಮಲ್ಲಿ ಇದಕ್ಕೆ ಹೊಸ ಕಾನೂನು ಬೇಕಾಗಿಲ್ಲ. 1993ರ ಪಂಚಾಯತ್ ರಾಜ್ ಕಾಯ್ದೆಯ ಅಡಿ ಗ್ರಾಮಸಭೆ ಇದೆ. ಸಾರ್ವಜನಿಕ ಸ್ಥಳಗಳಲ್ಲಿ ರಾತ್ರಿ ಹತ್ತರ ನಂತರ ಧ್ವನಿವರ್ಧಕ ಬಳಸಬಾರದೆಂಬ ನಿಯಮ 2000ದಿಂದಲೂ ಇದೆ. ಹೊಸ ವಸತಿಗೆ ಅನುಮತಿ ಕೊಡುವ ಮುನ್ನ ವಿಷಯ ಗ್ರಾಮಸಭೆಯ ಮುಂದೆ ಬರಲಿ. ಸುಗ್ಗಿಯ ದಿನಗಳಲ್ಲಿ ಯಾವ ಊರಿಗೆ ಪ್ರವಾಸಿ ಬರಬಹುದು, ಯಾವ ಊರಿಗೆ ಬಾರದು ಎಂಬುದನ್ನು ಆಯಾ ಊರೇ ಹೇಳಲಿ. ಜೀಪು ಗುಡ್ಡ ಹತ್ತುವುದಾದರೆ ಎಷ್ಟು, ಎಲ್ಲಿಯವರೆಗೆ ಎಂಬುದು ಗೊತ್ತಾಗಲಿ. ಕಸಕ್ಕೆ ಶುಲ್ಕ ಕಟ್ಟಿಸಿಕೊಂಡು ಆ ಹಣ ಪಂಚಾಯಿತಿಯಲ್ಲೇ ಉಳಿಯಲಿ.

‘ಊರು ಅಂದರೆ ಯಾರು?’ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ನಮ್ಮ ಊರುಗಳಲ್ಲಿ ಮಾತಾಡುವವರು ಕೆಲವರು, ಕೇಳುವವರು ಹಲವರು. ಲೈನ್ ಮನೆಯ ಕೂಲಿಗಳು, ದಲಿತ ಕೇರಿಯವರು, ಹೆಂಗಸರು ಇವರ ಮಾತು ಗೌಡರ ಜಗಲಿಯಲ್ಲಿ ಕೇಳಿಸುವುದು ಅಪರೂಪ. ಆದ್ದರಿಂದಲೇ ನಾನು ಗುಡಿಯ ಸಮಿತಿಯನ್ನಾಗಲಿ ಬೆಳೆಗಾರರ ಕೂಟವನ್ನಾಗಲಿ ಹೇಳದೆ ಗ್ರಾಮಸಭೆಯನ್ನು ಹೇಳುತ್ತಿದ್ದೇನೆ. ಅಲ್ಲಿ ಎಲ್ಲರಿಗೂ ಒಂದೇ ಮತ. ವಸತಿಯಲ್ಲಿ ಪಾತ್ರೆ ತೊಳೆದು ಸಂಬಳ ಪಡೆಯುವ ಹೆಂಗಸು ‘ಇದು ನಮಗೆ ಬೇಕು’ ಎಂದರೆ ಅದೂ ಊರಿನ ಮಾತೇ, ಅದನ್ನೂ ಕೇಳಬೇಕು.

ಇದಕ್ಕೆ ಕಾಲವೂ ಅನುಕೂಲವಾಗಿದೆ. 2024-25ರಲ್ಲಿ ಕಾಫಿಯ ಬೆಲೆ ಹಿಂದೆಂದೂ ಕಾಣದ ಮಟ್ಟ ಮುಟ್ಟಿತು. ಕೈಯಲ್ಲಿ ನಾಲ್ಕು ಕಾಸಿರುವವನಿಗೆ ಮಾತ್ರ ಬೇಡ ಎನ್ನುವ ಶಕ್ತಿ ಇರುತ್ತದೆ. ಬೆಲೆ ಮತ್ತೆ ಬಿದ್ದ ಮೇಲೆ ಕಟ್ಟುಪಾಡು ಮಾಡಲು ಹೊರಟರೆ ಯಾರೂ ಕೇಳುವುದಿಲ್ಲ.

ಇನ್ನು ನಮ್ಮ ಪಾಲಿನ ಕೆಲಸ. ವಾರಾಂತ್ಯದಲ್ಲಿ ಘಟ್ಟದ ಕಡೆ ಕಾರು ತಿರುಗಿಸುವ ಓದುಗರಲ್ಲಿ ನನ್ನ ವಿನಂತಿ ಇಷ್ಟೇ. ಕೋಣೆ ಕಾದಿರಿಸುವ ಮುನ್ನ ಆ ಮನೆಯಲ್ಲಿ ಮನೆಯವರು ಇರುತ್ತಾರೆಯೇ ಎಂದು ಕೇಳಿ. ಊರಿನಲ್ಲಿ ಹಬ್ಬವಿದೆಯೇ, ಹಬ್ಬಕ್ಕೆ ಹೊರಗಿನವರು ಬರಬಹುದೇ ಎಂದು ಕೇಳಿ. ಅಂಗಳಕ್ಕೆ ಕಾಲಿಡುವ ಮೊದಲು ಬೂಟು ಬಿಚ್ಚಿ. ಇವು ದೊಡ್ಡ ತ್ಯಾಗಗಳೇನಲ್ಲ. ನೆಂಟರ ಮನೆಗೆ ಹೋದಾಗ ಮಾಡುವುದೇ ಇಷ್ಟನ್ನು.

ಊರಿಗೆ ಮರಳಿ ವಾರವಾದ ಮೇಲೆ ಮಾವನಿಗೆ ಫೋನು ಮಾಡಿ, ಗದ್ದೆಯ ವಿಷಯವನ್ನು ಒಬ್ಬರೇ ತೀರ್ಮಾನಿಸದೆ ಗ್ರಾಮಸಭೆಯಲ್ಲಿ ಎತ್ತಿ ಎಂದೆ. ‘ಸಭೆಗೆ ಹತ್ತು ಜನ ಬಂದ್ರೆ ಹೆಚ್ಚು’ ಎಂದು ನಕ್ಕರು. ನಂತರ, ‘ಆಯ್ತು, ಎತ್ತಿ ನೋಡ್ತೀನಿ. ಅಲ್ಲಿವರ್ಗೂ ಗದ್ದೆ ಹಾಗೇ ಇರ್ಲಿ’ ಎಂದರು. ನಗರದವರಿಗೆ ಅವರು ಇನ್ನೂ ಮಾತು ಕೊಟ್ಟಿಲ್ಲ.