ಇಳಿಜಾರಿಗೆ ಜಾಹೀರಾತು ತಿಳಿಯದು



‘ಹಸಿರು’ ಎಂಬ ಮಾತು ಈಗ ಕಾಡಿಗಿಂತ ಹೆಚ್ಚಾಗಿ ಕಾರಿನ ಬೆನ್ನ ಮೇಲೆ ಕಾಣಿಸುತ್ತಿದೆ. ಮನೆಯಲ್ಲಿ ಚಾರ್ಜ್ ಮಾಡಿಕೊಂಡು ಸ್ವಲ್ಪ ದೂರ ವಿದ್ಯುತ್ತಿನಿಂದ, ಮುಂದೆ ಪೆಟ್ರೋಲಿನಿಂದ ಓಡುವ ಪ್ಲಗ್-ಇನ್ ಹೈಬ್ರಿಡ್ ಕಾರುಗಳನ್ನು ಮಾರುವವರ ಮಾತು ಮೋಹಕವಾಗಿದೆ. ಇಳಿಜಾರಿನಲ್ಲಿ ಈ ವಾಹನ ಇಂಧನ ಸುಡುವುದಿಲ್ಲ, ಬದಲಿಗೆ ವಿದ್ಯುತ್ತನ್ನು ಮರಳಿ ಗಳಿಸುತ್ತದೆ ಎನ್ನುತ್ತಾರೆ. ಇದು ಸುಳ್ಳಲ್ಲ, ಆದರೆ ಅರ್ಧ ಸತ್ಯ. ಹಿಂದೆ ಭಾರದ ಟ್ರೈಲರ್ ಕಟ್ಟಿಕೊಂಡು ಘಟ್ಟ ಇಳಿಯುವಾಗ ಉಳಿದರ್ಧ ಬಯಲಾಗುತ್ತದೆ.

ಆಸ್ಟ್ರೇಲಿಯಾದಲ್ಲಿ ಕಾರಿನ ಹಿಂದೆ ದೋಣಿ, ಕುದುರೆ, ಮಲಗುವ ಕೋಣೆಯಿರುವ ಕ್ಯಾರವಾನ್‌ಗಳನ್ನು ಎಳೆದೊಯ್ಯುವುದು ಸಾಮಾನ್ಯ. ಗಾಲಿಗಳ ಮೇಲೆ 750 ಕಿಲೋ ಮೀರಿದ ಭಾರ ಬೀಳುವ ಟ್ರೈಲರಿಗೆ ಸ್ವಂತ ಬ್ರೇಕ್ ಇರಲೇಬೇಕೆಂದು ಅಲ್ಲಿನ ನಿಯಮ ಹೇಳುತ್ತದೆ. 2000 ಕಿಲೋ ಮೀರಿದರೆ ಎಲ್ಲ ಗಾಲಿಗಳಿಗೂ ಬ್ರೇಕ್ ಬೇಕು, ಕೊಂಡಿ ಕಳಚಿದರೆ ತಾನಾಗಿ ಹಿಡಿಯುವ ಏರ್ಪಾಡೂ ಬೇಕು. 2014ರಲ್ಲಿ ಅಲ್ಲಿಗೆ ಬಂದ ಮಿತ್ಸುಬಿಷಿ ಔಟ್‌ಲ್ಯಾಂಡರ್ ಪ್ಲಗ್-ಇನ್ ಹೈಬ್ರಿಡ್, ಬ್ರೇಕ್ ಇರುವ ಟ್ರೈಲರಾದರೆ 1500 ಕಿಲೋ ಎಳೆಯಬಲ್ಲದು. ಬ್ರೇಕ್ ಇಲ್ಲದಿದ್ದರೆ 750 ಕಿಲೋ ಮಾತ್ರ. ಅಂದರೆ ಆ 1500 ಎಂಬ ಅಂಕಿ ಕಾರಿನ ಶಕ್ತಿಯದಷ್ಟೇ ಅಲ್ಲ, ಟ್ರೈಲರಿನ ಬ್ರೇಕಿನದೂ ಹೌದು.

ಆ ಬ್ರೇಕ್ ಕೆಲಸ ಮಾಡುವ ಬಗೆ ಸರಳ. ಟ್ರೈಲರಿನ ಪ್ರತಿ ಗಾಲಿಯ ಡ್ರಮ್ಮಿನೊಳಗೆ ಒಂದು ವಿದ್ಯುತ್ಕಾಂತವಿದೆ. ವಿದ್ಯುತ್ ಹರಿದಾಗ ಅದು ತಿರುಗುವ ಡ್ರಮ್ಮಿಗೆ ಅಂಟಿಕೊಳ್ಳಲು ಹೋಗಿ ಒಂದು ಸನ್ನೆಯನ್ನು ಎಳೆಯುತ್ತದೆ, ಸನ್ನೆ ಬ್ರೇಕ್ ಪಟ್ಟಿಗಳನ್ನು ಒತ್ತುತ್ತದೆ. ಎಷ್ಟು ವಿದ್ಯುತ್ ಹರಿಯಬೇಕೆಂದು ನಿರ್ಧರಿಸುವ ಪೆಟ್ಟಿಗೆಯೇ ಬ್ರೇಕ್ ನಿಯಂತ್ರಕ. ಉತ್ತಮ ನಿಯಂತ್ರಕ ಕಾರು ಎಷ್ಟು ರಭಸದಿಂದ ನಿಧಾನವಾಗುತ್ತಿದೆ ಎಂದು ಅಳೆದು ಅದಕ್ಕೆ ತಕ್ಕಷ್ಟೇ ಕಳಿಸುತ್ತದೆ. ಸಾಮಾನ್ಯವಾಗಿ ಇದು ಕಾರಿನೊಂದಿಗೆ ಬರುವುದಿಲ್ಲ, ಕೊಂಡವನೇ ಹಾಕಿಸಿಕೊಳ್ಳಬೇಕು. ಎಳೆಯುವ ಭಾರವನ್ನು ದೊಡ್ಡಕ್ಷರದಲ್ಲಿ ಸಾರುವವರು ನಿಲ್ಲಿಸುವ ಸಾಧನವನ್ನು ಗಿರಾಕಿಯ ತಲೆಗೆ ಕಟ್ಟುವುದು ಯಾವ ನ್ಯಾಯ?

‘ಕಾರೇ ವಿದ್ಯುತ್ ಗಳಿಸುತ್ತ ನಿಧಾನವಾಗುತ್ತದಲ್ಲ, ಬೇರೆ ಬ್ರೇಕ್ ಏಕೆ?’ ಎಂದು ಕೇಳುವವರಿದ್ದಾರೆ. ಅವರಿಗೊಂದು ಲೆಕ್ಕ ಕೊಡೋಣ. ಕಾರು, ಜನ, ಟ್ರೈಲರ್ ಸೇರಿ 3500 ಕಿಲೋ ಎನ್ನಿ. ಅದು 500 ಮೀಟರ್ ಎತ್ತರ, ಅಂದರೆ ಸುಮಾರಾಗಿ ನಾವು ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವಷ್ಟು ಎತ್ತರ ಇಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 4.8 ಯೂನಿಟ್. ಒಂದು ಪಾಲು ಗಾಳಿಗೂ ಟೈರಿಗೂ ಹೋದರೂ ಉಳಿದದ್ದು ಎಲ್ಲಿಗಾದರೂ ಹೋಗಲೇಬೇಕು. ಮೇಲೆ ಹೇಳಿದ ಕಾರಿನ ಬ್ಯಾಟರಿ ಹಿಡಿಯುವುದೇ 12 ಯೂನಿಟ್. ಬೆಟ್ಟದ ಮೇಲಿನ ಮನೆಯಲ್ಲಿ ರಾತ್ರಿಯೆಲ್ಲ ಚಾರ್ಜ್ ಮಾಡಿ ಬೆಳಿಗ್ಗೆ ಇಳಿಯತೊಡಗಿದರೆ ಬ್ಯಾಟರಿಯಲ್ಲಿ ಜಾಗವೆಲ್ಲಿದೆ? ತುಂಬಿದ ಕೆರೆಗೆ ಇನ್ನಷ್ಟು ನೀರು ಬಂದರೆ ಕೋಡಿ ಬೀಳುತ್ತದೆ. ಇಲ್ಲಿ ಕೋಡಿ ಬೀಳುವುದು ಎಂಜಿನ್ನಿನ ಮೇಲೆ ಮತ್ತು ಕಾಯುತ್ತ ಹೋಗುವ ಬ್ರೇಕ್ ಪಟ್ಟಿಗಳ ಮೇಲೆ. ಜಾಗವಿದ್ದರೂ ಆ ಹಿಡಿತ ಕಾರಿನ ಗಾಲಿಗಳಿಗೆ ಮಾತ್ರ. ಹಿಂದಿನ ಟ್ರೈಲರ್ ಕಾರನ್ನು ದೂಡುತ್ತಲೇ ಇರುತ್ತದೆ. ಒದ್ದೆ ತಿರುವಿನಲ್ಲಿ ಆ ದೂಡಿಕೆ ಕಾರನ್ನೇ ಅಡ್ಡ ತಿರುಗಿಸಬಲ್ಲದು.

ಇನ್ನೊಂದು ಸೂಕ್ಷ್ಮವಿದೆ. ಬಹುತೇಕ ನಿಯಂತ್ರಕಗಳು ಎಚ್ಚರಗೊಳ್ಳುವುದು ಕಾರಿನ ಬ್ರೇಕ್ ದೀಪದ ತಂತಿಯಿಂದ. ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಮೋಟರ್ ಕಾರನ್ನು ನಿಧಾನಗೊಳಿಸಿದರೆ ದೀಪ ಯಾವಾಗ ಉರಿಯಬೇಕೆಂದು ವಿಶ್ವಸಂಸ್ಥೆಯ 13-ಎಚ್ ವಾಹನ ನಿಯಮ ಹೇಳುತ್ತದೆ. ವೇಗ ಸೆಕೆಂಡಿಗೆ ಸೆಕೆಂಡಿಗೆ 0.7 ಮೀಟರಿನವರೆಗೆ ಇಳಿಯುತ್ತಿದ್ದರೆ ದೀಪ ಉರಿಯಕೂಡದು, 1.3 ಮೀರಿದರೆ ಉರಿಯಲೇಬೇಕು. ನಡುವೆ ತಯಾರಕರ ಇಚ್ಛೆ. ಹೀಗಾಗಿ ಕಾರು ನಿಧಾನವಾಗುತ್ತಿರುವಾಗಲೂ ಟ್ರೈಲರಿನ ಬ್ರೇಕ್ ನಿದ್ರಿಸುತ್ತಿರಬಹುದು. ಆದ್ದರಿಂದಲೇ ಟ್ರೈಲರಿನ ಬ್ರೇಕನ್ನಷ್ಟೇ ಕೈಯಿಂದ ಹಾಕಬಲ್ಲ ಗುಂಡಿ ಚಾಲಕನಿಗೆ ಎಟುಕುವಂತಿರಬೇಕು.

ಜೋಡಿಸುವಾಗಲೂ ಹುಡುಗಾಟ ಸಲ್ಲದು. ಒಂದು ಕಾಂತಕ್ಕೆ ಸುಮಾರು 3 ಆಂಪಿಯರ್, ನಾಲ್ಕು ಗಾಲಿಗೆ 12 ಆಂಪಿಯರ್ ಬೇಕು. ತೆಳು ದೀಪದ ತಂತಿ ಇದನ್ನು ತಾಳದು. 12 ವೋಲ್ಟ್ ಬ್ಯಾಟರಿಯಿಂದಲೇ ದಪ್ಪ ತಂತಿ ಎಳೆದು, ಬ್ಯಾಟರಿಯ ಬಳಿಯೇ ಸರ್ಕ್ಯೂಟ್ ಬ್ರೇಕರ್ ಹಾಕಬೇಕು. ಕಿತ್ತಳೆ ಬಣ್ಣದ ತಂತಿಗಳಲ್ಲಿ ಇರುವುದು ನೂರಾರು ವೋಲ್ಟ್, ಅವನ್ನು ಮುಟ್ಟಬಾರದು. ಕಂಡ ತಂತಿಯನ್ನು ಕೊಯ್ದು ಕಟ್ಟಿದರೆ ಕಾರಿನ ಗಣಕವೇ ಗೊಂದಲಕ್ಕೆ ಬೀಳಬಹುದು. ಆಯಾ ಕಾರಿಗೆಂದೇ ಮಾಡಿದ ತಂತಿಗಂಟನ್ನು ಬಲ್ಲ ಎಲೆಕ್ಟ್ರಿಷಿಯನ್ ಕೈಯಲ್ಲೇ ಹಾಕಿಸಬೇಕು, ಸಮತಟ್ಟು ರಸ್ತೆಯಲ್ಲಿ ಪರೀಕ್ಷಿಸಿ ನೋಡಿದ ಮೇಲೆಯೇ ಇಳಿಜಾರಿಗೆ ಒಯ್ಯಬೇಕು.

‘ಪರದೇಶದ ಕಾರಿನ ಕಥೆ ಮಲೆನಾಡಿಗೇಕೆ?’ ಎನ್ನಬೇಡಿ. ಇಂದು ಸಂಜೆ ನಿಮ್ಮ ಊರಿನ ರಸ್ತೆಗೆ ಬನ್ನಿ. ಮರಳು, ಕಲ್ಲು, ಅಡಕೆ ಮೂಟೆ, ಕೆಲವೊಮ್ಮೆ ಕೂಲಿಯಾಳುಗಳನ್ನೂ ಹೇರಿಕೊಂಡು ಇಳಿಯುವ ಟ್ರಾಕ್ಟರಿನ ಟ್ರೈಲರಿನ ಕೆಳಗೆ ಬಗ್ಗಿ ನೋಡಿ. ಅದಕ್ಕೆ ಸ್ವಂತ ಬ್ರೇಕ್ ಇದೆಯೇ? ನಾಳೆ ಅದೇ ಟ್ರೈಲರನ್ನು ವಿದ್ಯುತ್ ವಾಹನವೊಂದು ಎಳೆದರೆ ಹೊಗೆ ಕಡಿಮೆಯಾದೀತು, ಭಾರ ಕಡಿಮೆಯಾಗದು. ತೈಲದ ಹೊಗೆಯನ್ನು ವಿರೋಧಿಸುವ ನಾವು ಆ ವಾಹನವನ್ನು ಸ್ವಾಗತಿಸೋಣ; ಆದರೆ ಮಾರಲು ಬಂದವನಿಗೆ ಮೊದಲು ಕೇಳೋಣ: ಇಳಿಜಾರಿನಲ್ಲಿ ಹಿಂದಿನ ಗಾಲಿಗಳನ್ನು ಹಿಡಿಯುವುದು ಯಾವುದು? ಉತ್ತರವಿಲ್ಲದ ಹಸಿರು ನಮಗೆ ಬೇಡ. ಘಟ್ಟದ ಬುಡದಲ್ಲಿ ಶಾಲೆ ಬಿಟ್ಟು ರಸ್ತೆ ದಾಟುವವರು ನಮ್ಮ ಮಕ್ಕಳೇ.