ಎಷ್ಟು ಪ್ಯಾಕೇಜು ಅಂತ ಕೇಳ್ಬೇಡಿ, ಪಕ್ಕದ ಕುರ್ಚಿಗೆ ಎಷ್ಟು ಅಂತ ಕೇಳಿ

1/9 👇

ಮೈಕ್ ಹಿಡ್ಕೊಂಡು ರೋಡಲ್ಲಿ ನಿಂತು “ಸಾರ್, ಏನ್ ಕೆಲ್ಸ ಮಾಡ್ತೀರ? ತಿಂಗ್ಳಿಗೆ ಎಷ್ಟ್ ಬರುತ್ತೆ?” ಅಂತ ಕೇಳೋ ರೀಲ್ಸ್ ನೀವೂ ನೋಡಿರ್ತೀರ. ಪಾನಿಪುರಿ ಗಾಡಿಯವರಿಗೆ ಇಷ್ಟು, ಸಾಫ್ಟ್‌ವೇರ್‌ನವರಿಗೆ ಇಷ್ಟು, ಮೇಷ್ಟ್ರಿಗೆ ಇಷ್ಟು. ಕೆಳಗೆ ಕಾಮೆಂಟಲ್ಲಿ ಜಗಳ ಶುರು. “ಓದಿ ಏನ್ ಪ್ರಯೋಜನ, ಪಾನಿಪುರಿ ಮಾರೋದೇ ವಾಸಿ.” “ಸರ್ಕಾರಿ ನೌಕರರಿಗೆ ಕೂತ್ಕೊಂಡೇ ಸಂಬಳ.” “ಐಟಿಯವರಿಂದಾನೇ ಬಾಡಿಗೆ ಏರಿದ್ದು.”

ಈ ಜಗಳದಲ್ಲಿ ಯಾರೂ ಗೆಲ್ಲಲ್ಲ. ಯಾಕಂದ್ರೆ ಹೋಲಿಕೇನೇ ತಪ್ಪು.

ನನ್ನ ವಾದ ಇಷ್ಟೇ: ನಮ್ಮಲ್ಲಿ ದೊಡ್ಡ ಅನ್ಯಾಯ ಒಂದು ವೃತ್ತಿಗೂ ಇನ್ನೊಂದು ವೃತ್ತಿಗೂ ನಡುವೆ ಇಲ್ಲ. ಒಂದೇ ವೃತ್ತಿ ಒಳಗೆ, ಒಂದೇ ಕೆಲಸ ಮಾಡೋ ಇಬ್ಬರ ನಡುವೆ ಇದೆ. ನಾವು ಬೇರೆ ವೃತ್ತಿಯವರ ಜೇಬು ನೋಡ್ತಾ ಕೂತಿರೋದ್ರಿಂದ ಅದು ಕಣ್ಣಿಗೆ ಬೀಳ್ತಿಲ್ಲ.

ಒಂಬತ್ತು ಪೋಸ್ಟ್. ನಿಧಾನಕ್ಕೆ ಓದಿ. ಒಪ್ಪದಿದ್ರೆ ಕೊನೇಲಿ ಬೈಯಿರಿ.

—

2/9 👇 ಮೊದಲು ‘ಪ್ಯಾಕೇಜ್’ ಅನ್ನೋ ಪದ ಬಿಚ್ಚೋಣ

ಮಗನಿಗೆ 4.2 ಲಕ್ಷ ಪ್ಯಾಕೇಜ್ ಅಂತ ಊರಲ್ಲಿ ಸ್ವೀಟ್ ಹಂಚ್ತಾರೆ. ಅಂದ್ರೆ ತಿಂಗ್ಳಿಗೆ 35,000 ಅಂತ ಎಲ್ಲರ ಲೆಕ್ಕ. ಈಗ ಆಫರ್ ಲೆಟರ್‌ನ ಕೊನೇ ಪುಟ ನೋಡಿ. ಉದಾಹರಣೆಗೆ ಬೇಸಿಕ್ 17,500 ಅಂತ ಇಟ್ಕೊಳ್ಳಿ.

➡️ ಕಂಪನಿ ಕಟ್ಟೋ ಪಿಎಫ್ 12%: 2,100. ಅದೂ ಪ್ಯಾಕೇಜ್ ಒಳಗೇ.
➡️ ಗ್ರಾಚ್ಯುಟಿ 4.81%: 842. ಇದು ಕೈಗೆ ಬರೋದು ಕೆಲಸ ಬಿಡುವಾಗ, ಅದೂ ನಿಯಮದ ಪ್ರಕಾರ ಅರ್ಹತೆ ಬಂದಿದ್ರೆ.
➡️ ವೇರಿಯಬಲ್ 10%: 3,500. ಬಂದ್ರೆ ಬಂತು.
➡️ ನಿಮ್ಮ ಪಾಲಿನ ಪಿಎಫ್: 2,100.
➡️ ವೃತ್ತಿ ತೆರಿಗೆ: 200.

ಉಳಿದಿದ್ದು 26,258.

ಪಿಎಫ್ ನಿಮ್ದೇ ಉಳಿತಾಯ, ಅದನ್ನ ನಷ್ಟ ಅಂತಿಲ್ಲ. ಆದ್ರೆ ಊರಿಗೆ ಹೇಳಿದ್ದು 35, ಬಾಡಿಗೆ ಕಟ್ಟೋಕೆ ಇರೋದು 26. ದೊಡ್ಡ ಐಟಿ ಕಂಪನಿಗಳಲ್ಲಿ ಹೊಸಬರಿಗೆ ಕೊಡೋ ಸಾಮಾನ್ಯ ಪ್ಯಾಕೇಜು ಹತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಮೂರೂವರೆ ಲಕ್ಷದ ಆಸುಪಾಸಲ್ಲೇ ಸುತ್ತಾಡ್ತಿದೆ. ಬೆಂಗಳೂರಿನ ಪಿಜಿ ಬಾಡಿಗೆ ಹಾಗೆ ಒಂದೇ ಕಡೆ ನಿಂತಿಲ್ಲ.

ಪಾನಿಪುರಿ ಗಾಡಿಯವರದ್ದೂ ಅಷ್ಟೇ. ರೀಲ್ಸಲ್ಲಿ ಹೇಳೋದು ವ್ಯಾಪಾರ, ಲಾಭ ಅಲ್ಲ. ಗ್ಯಾಸು, ಎಣ್ಣೆ, ಹುಡುಗನ ಕೂಲಿ, ಜಾಗದ ‘ಮಾಮೂಲು’ ಎಲ್ಲಾ ಕಳೆದ ಮೇಲೆ ಎಷ್ಟು ಅಂತ ಮೈಕ್ ಹಿಡಿದವರು ಕೇಳಲ್ಲ.

—

3/9 👇 ಗಂಟೆ ಲೆಕ್ಕ

ಅದೇ 26,258 ತಗೊಳ್ಳಿ. ಆಫೀಸಲ್ಲಿ 9 ಗಂಟೆ, ಸಿಲ್ಕ್ ಬೋರ್ಡ್ ದಾಟಿ ಹೋಗಿ ಬರೋಕೆ 3 ಗಂಟೆ. ದಿನಕ್ಕೆ 12. ತಿಂಗ್ಳಿಗೆ 22 ದಿನ ಅಂದ್ರೆ 264 ಗಂಟೆ. ಭಾಗಿಸಿ ನೋಡಿ, ಗಂಟೆಗೆ 100 ರೂಪಾಯಿನೂ ಪೂರ್ತಿ ಬೀಳಲ್ಲ.

ಡೆಲಿವರಿ ಮಾಡೋ ಹುಡುಗ “ತಿಂಗ್ಳಿಗೆ 30 ಸಾವಿರ ಬರುತ್ತೆ” ಅಂದ್ರೆ ಅದೂ ಬರೀ ಕಲೆಕ್ಷನ್. ಪೆಟ್ರೋಲ್ ಅವನದ್ದು, ಬೈಕ್ ಕಂತು ಅವನದ್ದು, ಫೋನು, ಡೇಟಾ, ಮಳೆ ಕೋಟು, ಎಲ್ಲಾ ಅವನದ್ದು. ಕಾಗದದಲ್ಲಿ ಅವನು ನೌಕರನೇ ಅಲ್ಲ, ‘ಪಾರ್ಟ್‌ನರ್’. 2025ರಲ್ಲಿ ಕರ್ನಾಟಕ ಗಿಗ್ ಕಾರ್ಮಿಕರಿಗೆ ಅಂತ ಕಾನೂನು ತಂತು, ಪ್ರತಿ ವಹಿವಾಟಿನ ಮೇಲೆ 1ರಿಂದ 5% ಕಲ್ಯಾಣ ಶುಲ್ಕ ಅಂತ. ಒಳ್ಳೇದೇ. ಆದ್ರೆ ಅದು ಸಾಮಾಜಿಕ ಭದ್ರತೆಗೆ, ಪೆಟ್ರೋಲ್ ಬಂಕಲ್ಲಿ ಕಾರ್ಡ್ ತೋರಿಸೋಕೆ ಅಲ್ಲ.

ಸೊ, ಗಂಟೆ ಮತ್ತು ಖರ್ಚು ಬಿಟ್ಟು ಎರಡು ಸಂಬಳ ಹೋಲಿಸೋದು ಅಂದ್ರೆ ಒಂದು ಕಡೆ ಸೇರು, ಇನ್ನೊಂದು ಕಡೆ ಕೆಜಿ ಇಟ್ಟು ತೂಗಿದ ಹಾಗೆ.

—

4/9 👇 ಈಗ ಅಸಲಿ ವಿಷಯ: ಒಂದೇ ಸ್ಟಾಫ್ ರೂಮು, ಎರಡು ಸಂಬಳ

ಯಾವುದಾದ್ರೂ ಸರ್ಕಾರಿ ಪದವಿ ಕಾಲೇಜಿಗೆ ಹೋಗಿ. ಸ್ಟಾಫ್ ರೂಮಲ್ಲಿ ಇಬ್ರು ಕೂತಿರ್ತಾರೆ. ಇಬ್ರದ್ದೂ ಎಂಎ, ಇಬ್ರದ್ದೂ ನೆಟ್ ಅಥವಾ ಕೆ-ಸೆಟ್, ಕೆಲವು ಸಲ ಇಬ್ರದ್ದೂ ಪಿಎಚ್‌ಡಿ. ಅದೇ ಸಿಲಬಸ್, ಅದೇ ಬ್ಲ್ಯಾಕ್‌ಬೋರ್ಡ್, ಅದೇ ಮಕ್ಕಳು.

ಒಬ್ಬರು ಸಹಾಯಕ ಪ್ರಾಧ್ಯಾಪಕರು. ಯುಜಿಸಿ ವೇತನದಲ್ಲಿ ಆರಂಭದ ಮೂಲ ವೇತನವೇ 57,700. ಅದರ ಮೇಲೆ ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ, ಹೆರಿಗೆ ರಜೆ, ವರ್ಷ ವರ್ಷ ವೇತನ ಬಡ್ತಿ.

ಇನ್ನೊಬ್ಬರು ಅತಿಥಿ ಉಪನ್ಯಾಸಕರು. 2022ರ ಜನವರಿ ತನಕ ಅವರಿಗೆ ಸಿಗ್ತಿದ್ದದ್ದು 11,000 ಅಥವಾ 13,000. ತಿಂಗಳುಗಟ್ಟಲೆ ಹೋರಾಟ ಮಾಡಿದ ಮೇಲೆ ಸರ್ಕಾರ 26,000ದಿಂದ 32,000ಕ್ಕೆ ಏರಿಸಿತು. ಆದ್ರೆ ಜೊತೆಗೆ ವಾರದ ಪಾಠದ ಅವಧಿಯೂ ಏರಿತು. ಅದರಿಂದ ಎಷ್ಟೋ ಜನಕ್ಕೆ ಕೆಲಸಾನೇ ಹೋಯ್ತು. ಆಮೇಲೆ ಸೇವಾವಧಿ ನೋಡಿ ಇನ್ನಷ್ಟು ಸೇರಿಸಿದ್ರು. ಆದ್ರೂ ಮುಂದಿನ ವರ್ಷ ಕರೀತಾರಾ ಇಲ್ವಾ ಅನ್ನೋ ಪ್ರಶ್ನೆ ಪ್ರತಿ ಬೇಸಿಗೇಲೂ ಹಾಗೇ ಇರುತ್ತೆ.

‘ಅತಿಥಿ’ ಅನ್ನೋ ಪದಾನ ಸ್ವಲ್ಪ ಯೋಚಿಸಿ. ಅತಿಥಿ ಅಂದ್ರೆ ಬಂದು ಊಟ ಮಾಡಿ ಹೋಗೋರು. ಇವರು 10, 15 ವರ್ಷದಿಂದ ಅದೇ ಕಾಲೇಜಲ್ಲಿ ಪಾಠ ಮಾಡ್ತಿದ್ದಾರೆ. ಹದಿನೈದು ವರ್ಷ ಮನೇಲಿದ್ದವರನ್ನ ಯಾರಾದ್ರೂ ಅತಿಥಿ ಅಂತಾರಾ?

ಈಗ ಹೇಳಿ, “ಮೇಷ್ಟ್ರ ಸಂಬಳ ಎಷ್ಟು?” ಅನ್ನೋ ಪ್ರಶ್ನೆಗೆ ಯಾವ ಉತ್ತರ ಕೊಡೋಣ?

—

5/9 👇 ಕೋರ್ಟು ಏನ್ ಹೇಳಿದೆ?

ಈ ಕಥೇಲಿ ಕರ್ನಾಟಕದ ಹೆಸರು ದೊಡ್ಡದಾಗೇ ಇದೆ. 2006ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಕೊಟ್ಟ ‘ಉಮಾದೇವಿ ಪ್ರಕರಣ’ದ ತೀರ್ಪು ನಮ್ಮ ರಾಜ್ಯದ ತಾತ್ಕಾಲಿಕ ನೌಕರರದ್ದೇ. ನೇಮಕಾತಿ ನಿಯಮ ಪಾಲಿಸದೆ ಒಳಗೆ ಬಂದವರು ಖಾಯಂ ಮಾಡಿ ಅಂತ ಹಕ್ಕಿನಿಂದ ಕೇಳೋ ಹಾಗಿಲ್ಲ ಅಂತ ಅದು ಹೇಳಿತು. ಜೊತೆಗೇ, ಮಂಜೂರಾದ ಹುದ್ದೇಲಿ 10 ವರ್ಷ ದುಡಿದವರನ್ನ ಒಂದು ಸಲ ಖಾಯಂ ಮಾಡೋ ಕ್ರಮ ತಗೊಳ್ಳಿ ಅಂತಾನೂ ಹೇಳಿತು.

ಇಲಾಖೆಗಳಿಗೆ ಮೊದಲನೇ ವಾಕ್ಯ ಬಾಯಿಪಾಠ. ಎರಡನೇದು ನೆನಪೇ ಇಲ್ಲ.

2016ರಲ್ಲಿ ಪಂಜಾಬಿನ ಜಗಜಿತ್ ಸಿಂಗ್ ಪ್ರಕರಣದಲ್ಲಿ ಅದೇ ಸುಪ್ರೀಂ ಕೋರ್ಟ್, ಖಾಯಂ ನೌಕರರ ಕೆಲಸವನ್ನೇ ಮಾಡೋ ತಾತ್ಕಾಲಿಕ ನೌಕರರಿಗೂ ಆ ಹುದ್ದೆಯ ಕನಿಷ್ಠ ವೇತನ ಶ್ರೇಣಿ ಕೊಡ್ಬೇಕು ಅಂದಿತು. 2024ರ ಡಿಸೆಂಬರ್‌ನಲ್ಲಿ ಜಗ್ಗೋ ಪ್ರಕರಣದಲ್ಲಿ, ಉಮಾದೇವಿ ತೀರ್ಪನ್ನ ದುಡಿಯೋರ ವಿರುದ್ಧ ಅಸ್ತ್ರ ಮಾಡ್ಕೋಬೇಡಿ ಅನ್ನೋ ಅರ್ಥದಲ್ಲಿ ಎಚ್ಚರಿಸಿತು. 2025ರ ಆಗಸ್ಟಲ್ಲಿ ಗುಜರಾತಿನ ಗುತ್ತಿಗೆ ಸಹಾಯಕ ಪ್ರಾಧ್ಯಾಪಕರ ಪ್ರಕರಣ. ತಿಂಗ್ಳಿಗೆ 30,000 ಕೊಡ್ತಿದ್ದ ಸರ್ಕಾರವನ್ನ ಕೋರ್ಟ್ ನೇರವಾಗೇ ತರಾಟೆಗೆ ತಗೊಂಡಿತು. ಗುರುವನ್ನ ಶ್ಲೋಕದಲ್ಲಿ ಪೂಜಿಸಿದ್ರೆ ಸಾಲದು, ಸಂಬಳದಲ್ಲೂ ಗೌರವ ಕಾಣ್ಬೇಕು ಅನ್ನೋದು ಅದರ ತಾತ್ಪರ್ಯ.

ತೀರ್ಪುಗಳಿಗೆ ಕೊರತೆ ಇಲ್ಲ. ಅದನ್ನ ಜಾರಿ ಮಾಡಿ ಅಂತ ಕೇಳೋ ಜನ ಕಡಿಮೆ. ಯಾಕಂದ್ರೆ ಆ ಜನ ಎಲ್ಲಾ ಐಟಿಯವರು ಹೆಚ್ಚಾ ಸರ್ಕಾರಿಯವರು ಹೆಚ್ಚಾ ಅಂತ ಕಾಮೆಂಟಲ್ಲಿ ಬ್ಯುಸಿ.

—

6/9 👇 ಒಂದೇ ಪೊರಕೆ, ಒಂದೇ ಮೇಜು, ಒಂದೇ ಲ್ಯಾಪ್‌ಟಾಪು

ಇದು ಕಾಲೇಜಿಗೆ ಮಾತ್ರ ಅಂದ್ಕೋಬೇಡಿ.

🧹 ಪೌರಕಾರ್ಮಿಕರು: ಒಂದೇ ರಸ್ತೆ ಗುಡಿಸೋರಲ್ಲಿ ಖಾಯಂ, ನೇರ ಪಾವತಿ, ಗುತ್ತಿಗೆ ಅಂತ ಬೇರೆ ಬೇರೆ ಜಾತಿ ಮಾಡಿಟ್ರು. 2022ರ ಜುಲೈನಲ್ಲಿ ಅವರು ಕೆಲಸ ನಿಲ್ಲಿಸಿ ಬೀದಿಗೆ ಬಂದ್ರು. ನಾಲ್ಕು ದಿನ ಕಸ ಎತ್ತದೆ ಇದ್ದಾಗ ನಗರಕ್ಕೆ ಅವರ ಬೆಲೆ ಗೊತ್ತಾಯ್ತು. ಅದೇ ವರ್ಷ 11,133 ಜನರನ್ನ ಖಾಯಂ ಮಾಡೋಕೆ ಸರ್ಕಾರ ಒಪ್ಪಿತು. ಕಸದ ಆಟೋ ಓಡಿಸೋರು, ಲೋಡರ್‌ಗಳು ಮಾತ್ರ ಹೊರಗೇ ಉಳಿದ್ರು.

🗂️ ಸರ್ಕಾರಿ ಕಚೇರಿ: 1-4-2006ಕ್ಕೆ ಮುಂಚೆ ಸೇರಿದವರಿಗೆ ಹಳೇ ಪಿಂಚಣಿ. ಆ ದಿನ ಮತ್ತು ಆಮೇಲೆ ಸೇರಿದವರಿಗೆ ಎನ್‌ಪಿಎಸ್, ಪ್ರತಿ ತಿಂಗಳು ಮೂಲ ವೇತನ ಮತ್ತು ತುಟ್ಟಿಭತ್ಯೆಯ 10% ಕಟ್. ಒಂದೇ ಮೇಜಿನ ಆ ಕಡೆ ಈ ಕಡೆ ಕೂತವರ ಮುಪ್ಪು ಬೇರೆ ಬೇರೆ. 2024ರ ಆಗಸ್ಟ್‌ನಿಂದ 7ನೇ ವೇತನ ಆಯೋಗ ಬಂದು ಕನಿಷ್ಠ ಮೂಲ ವೇತನ 17,000ದಿಂದ 27,000 ಆಯ್ತು ಅಂತ ಎಲ್ಲರೂ ಮಾತಾಡಿದ್ರು. ಅದೇ ಕಚೇರಿಯಲ್ಲಿ ಏಜೆನ್ಸಿ ಮೂಲಕ ಬಂದ ಡೇಟಾ ಎಂಟ್ರಿ ಆಪರೇಟರ್‌ಗೆ ಆ ಆಯೋಗ ಅನ್ವಯಿಸಲ್ಲ ಅಂತ ಯಾರೂ ಮಾತಾಡ್ಲಿಲ್ಲ.

💻 ಐಟಿ: ಅಲ್ಲೂ ಇದೆ ಸ್ವಾಮಿ. ಒಬ್ರು ಕಂಪನಿ ಪೇರೋಲ್, ಇನ್ನೊಬ್ರು ಥರ್ಡ್ ಪಾರ್ಟಿ. ಕೋಡ್ ಅದೇ, ಡೆಡ್‌ಲೈನ್ ಅದೇ. ಕತ್ತಿನ ಐಡಿ ಕಾರ್ಡ್ ದಾರದ ಬಣ್ಣ ಬೇರೆ. ಪ್ರಾಜೆಕ್ಟ್ ನಿಂತ್ರೆ ಮೊದಲು ಹೊರಗೆ ಹೋಗೋ ಬಣ್ಣ ಯಾವ್ದು ಅಂತ ಅಲ್ಲಿರೋರಿಗೆಲ್ಲ ಗೊತ್ತು.

—

7/9 👇 ‘ಗೌರವಧನ’ ಅನ್ನೋ ಮೋಸದ ಪದ

ಕನ್ನಡದಲ್ಲಿ ಸಂಬಳ ಇದೆ, ಕೂಲಿ ಇದೆ, ವೇತನ ಇದೆ, ಪಗಾರ ಇದೆ. ಇಷ್ಟೆಲ್ಲಾ ಇದ್ರೂ ಆಶಾ, ಅಂಗನವಾಡಿ, ಬಿಸಿಯೂಟ, ಅತಿಥಿ ಉಪನ್ಯಾಸಕರು, ಇವರಿಗೆಲ್ಲಾ ಸಿಗೋದು ‘ಗೌರವಧನ’. ನೀವೇ ಗಮನಿಸಿ: ಹೆಸರಲ್ಲಿ ಗೌರವ ಸೇರಿದ ಕಡೆ ಎಲ್ಲಾ ಧನ ಕಡಿಮೆ.

ಇದು ಬರೀ ಪದದ ಆಟ ಅಲ್ಲ. ಸಂಬಳ ಅಂದ್ರೆ ಕನಿಷ್ಠ ವೇತನ ಕೇಳ್ಬಹುದು, ರಜೆ ಕೇಳ್ಬಹುದು. ಗೌರವಧನ ಅಂದ್ರೆ “ನೀವು ಸೇವೆ ಮಾಡ್ತಿದ್ದೀರ ಅಮ್ಮಾ” ಅಂತ ಕೈ ಮುಗಿದು ಕಳಿಸ್ಬಹುದು.

ಆಶಾ ಯೋಜನೆ 2005ರಲ್ಲಿ ಶುರುವಾಯ್ತು. ಕಾಗದದಲ್ಲಿ ಅವರು ಇವತ್ತಿಗೂ ಸ್ವಯಂಸೇವಕಿಯರು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾ ಕಾರ್ಯಕರ್ತೆಯರಿಗೆ ಜಾಗತಿಕ ಪ್ರಶಸ್ತಿ ಕೊಟ್ಟಿತು. ಎಲ್ಲರೂ ಸ್ಟೇಟಸ್ ಹಾಕಿದ್ರು. 2025ರ ಜನವರಿ ಚಳೀಲಿ ಅದೇ ಆಶಾಗಳು ತಿಂಗ್ಳಿಗೆ 15,000 ಕೊಡಿ ಅಂತ ಬೆಂಗಳೂರಿನ ಫ್ರೀಡಂ ಪಾರ್ಕಲ್ಲಿ ರಾತ್ರಿ ಕಳೆದ್ರು. ಸಿಕ್ಕಿದ್ದು 10,000ದ ಭರವಸೆ.

ಅಂಗನವಾಡಿಯವರು ಕೋರ್ಟ್ ತನಕ ಹೋಗಿದ್ರಿಂದ ಒಂದು ಗೆಲುವು ಬಂತು. 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಗ್ರಾಚ್ಯುಟಿ ಕಾಯ್ದೆ ಮಟ್ಟಿಗೆ ಈ ಗೌರವಧನವೂ ವೇತನವೇ ಅಂದಿತು. ಹೆಸರು ಏನೇ ಇಟ್ರೂ ದುಡಿಮೆ ದುಡಿಮೇನೇ.

—

8/9 👇 “ದುಡ್ಡೇ ಎಲ್ಲಾ ಅಲ್ಲ, ತೃಪ್ತಿ ಮುಖ್ಯ” ಅನ್ನೋರಿಗೆ

ಒಪ್ತೀನಿ. ಪಾಠ ಮಾಡೋರಿಗೆ, ಹೆರಿಗೆ ನೋಡ್ಕೊಳ್ಳೋರಿಗೆ ಸಿಗೋ ತೃಪ್ತಿ ನಿಜವಾದ್ದೇ. ಆದ್ರೆ ಆ ತೃಪ್ತಿ ತೋರಿಸಿ ಸಂಬಳ ಕಡಿಮೆ ಕೊಡೋದಿದೆಯಲ್ಲ, ಅದನ್ನ ಒಪ್ಪಲ್ಲ. ಪಾಠದ ತೃಪ್ತಿ ಖಾಯಂ ಪ್ರಾಧ್ಯಾಪಕರಿಗೂ ಇದೆ. ಅದಕ್ಕೆ ಅಂತ ಅವರ ಸಂಬಳ ಯಾರೂ ಕಡಿತ ಮಾಡಲ್ವಲ್ಲ?

ಇನ್ನೊಂದು ಮಾತು. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ನೌಕರರ ಮೇಲೆ ನಡೆದ ಒಂದು ಅಧ್ಯಯನ 2012ರಲ್ಲಿ ಪ್ರಕಟ ಆಯ್ತು. ಸಹೋದ್ಯೋಗಿಗಳ ಸಂಬಳ ಎಷ್ಟು ಅಂತ ನೋಡೋಕೆ ಒಂದು ವೆಬ್‌ಸೈಟ್ ಇದೆ ಅಂತ ಕೆಲವರಿಗೆ ತಿಳಿಸಿದ್ರು. ತಮ್ಮದೇ ವಿಭಾಗದಲ್ಲಿ, ತಮ್ಮಂಥದ್ದೇ ಕೆಲಸದಲ್ಲಿ ಕಡಿಮೆ ಸಂಬಳ ಇದ್ದವರ ತೃಪ್ತಿ ಕುಸಿಯಿತು, ಬೇರೆ ಕೆಲಸ ಹುಡುಕೋ ಮನಸ್ಸೂ ಹೆಚ್ಚಾಯ್ತು. ಹೆಚ್ಚು ಸಂಬಳ ಇದ್ದವರ ತೃಪ್ತಿ ಏನೂ ಏರಲಿಲ್ಲ.

ನೋವು ಕೊಡೋದು ಎಲ್ಲೋ ಇರೋ ಕೋಟ್ಯಧಿಪತಿ ಅಲ್ಲ, ಪಕ್ಕದ ಕುರ್ಚಿ. ಅದಕ್ಕೇ ಎಚ್‌ಆರ್ “ಸ್ಯಾಲರಿ ಯಾರ ಹತ್ರಾನೂ ಡಿಸ್ಕಸ್ ಮಾಡ್ಬೇಡಿ” ಅನ್ನೋದು. ನಿಮ್ಮ ನೆಮ್ಮದಿಗೆ ಅಂತ ಅಂದ್ಕೊಂಡಿದ್ರಾ?

“ಎಲ್ಲರಿಗೂ ಕೊಡೋಕೆ ದುಡ್ಡೆಲ್ಲಿದೆ?” ಅಂತ ಕೇಳೋರೂ ಇದ್ದಾರೆ. ಬಜೆಟ್‌ಗೆ ಮಿತಿ ಇರೋದು ನಿಜ. ಆದ್ರೆ ವರ್ಷ ಪೂರ್ತಿ ಇರೋ ಕೆಲಸಕ್ಕೆ ವರ್ಷ ವರ್ಷ ತಾತ್ಕಾಲಿಕ ಅಂತ ಹೆಸರಿಟ್ರೆ ಅದು ಉಳಿತಾಯ ಆಗಲ್ಲ. ಸರ್ಕಾರದ ಖರ್ಚನ್ನ ಒಬ್ಬ ಅತಿಥಿ ಉಪನ್ಯಾಸಕರ ಮನೆ ಮೇಲೆ, ಒಬ್ಬ ಆಶಾ ತಾಯಿಯ ಅಡುಗೆಮನೆ ಮೇಲೆ ಹೊರಿಸಿದ ಹಾಗೆ ಆಗುತ್ತೆ.

—

9/9 👇 ಹಾಗಾದ್ರೆ ಏನ್ ಕೇಳ್ಬೇಕು?

ಪಿಯುಸಿ, ಡಿಗ್ರಿ ಮುಗಿಸಿ ಯಾವ ಕೆಲಸ ಅಂತ ಯೋಚಿಸ್ತಿರೋರು, ಅವರ ಅಪ್ಪ ಅಮ್ಮ, ಇದನ್ನ ಸೇವ್ ಮಾಡ್ಕೊಳ್ಳಿ 📌

1. ಕೈಗೆ ಎಷ್ಟು ಬರುತ್ತೆ? ಪ್ಯಾಕೇಜ್ ಬೇಡ.
2. ಓಡಾಟ ಸೇರಿಸಿ ಎಷ್ಟು ಗಂಟೆ?
3. ಕೆಲಸಕ್ಕೆ ಬೇಕಾದ ಖರ್ಚು ಯಾರ ಜೇಬಿಂದ?
4. ಈ ಕೆಲಸ ಮಾಡೋರಲ್ಲಿ ಖಾಯಂ ಎಷ್ಟು ಜನ, ಗುತ್ತಿಗೆ ಎಷ್ಟು ಜನ? ನಾನು ಸೇರೋದು ಯಾವ ಸಾಲಿಗೆ?
5. ಹತ್ತು ವರ್ಷ ಇದೇ ಕೆಲಸ ಮಾಡಿದವರು ಈಗ ಎಲ್ಲಿದ್ದಾರೆ?

“ಲೆಕ್ಚರರ್ ಆಗು, ಆರಾಮು” ಅಂತ ಹೇಳೋ ಮಾವನಿಗೆ ನಾಲ್ಕನೇ ಪ್ರಶ್ನೆ ಕೇಳಿ ನೋಡಿ. ಅವರ ಕಣ್ಣಿಗೆ ಬಿದ್ದಿರೋದು ಖಾಯಂ ಕುರ್ಚಿ ಮಾತ್ರ.

ಈಗಾಗಲೇ ಖಾಯಂ ಕುರ್ಚಿಯಲ್ಲಿ ಇರೋರಿಗೆ ಒಂದು ವಿನಂತಿ. ನಿಮ್ಮ ಸಂಬಳ ಇಳಿಸಿ ಅಂತ ನಾನು ಕೇಳ್ತಿಲ್ಲ. ಪಕ್ಕದವರು ಧರಣಿ ಕೂತಾಗ “ಅವರಿಗೆ ಇನ್ನೇನು ಬೇಕಂತೆ” ಅನ್ಬೇಡಿ. ಒಂದು ದಿನ ಅವರ ಜೊತೆ ಹೋಗಿ ಕೂತ್ಕೊಳ್ಳಿ. ನಿಮ್ಮ ಹುದ್ದೆ ಖಾಲಿ ಆದಾಗ ಅದನ್ನೂ ಗುತ್ತಿಗೆಗೆ ಕೊಡ್ತಾರೆ, ಮರೀಬೇಡಿ.

ಕಾಮೆಂಟಲ್ಲಿ ನಿಮ್ಮ ಸಂಬಳ ಬರೀಬೇಡಿ. ನಿಮ್ಮ ಕಡೆ ಒಂದೇ ಕೆಲಸಕ್ಕೆ ಎಷ್ಟು ಥರದ ಸಂಬಳ ಇದೆ ಅಂತ ಮಾತ್ರ ಬರೀರಿ. ಕಂಪನಿ ಹೆಸರು, ಜನರ ಹೆಸರು ಬೇಡ. ಬಂದಿದ್ದನ್ನೆಲ್ಲಾ ಸೇರಿಸಿ ಮುಂದಿನ ಸರಣಿ ಮಾಡೋಣ.

#ಸಂಬಳ #ಗೌರವಧನ #ಅತಿಥಿಉಪನ್ಯಾಸಕರು #ಸಮಾನಕೆಲಸಕ್ಕೆಸಮಾನವೇತನ #ಪಕ್ಕದಕುರ್ಚಿ #ಕನ್ನಡ