ಯೇಸುವಿನ ಹೆಂಡತಿಗಾಗಿ ಹಾತೊರೆದ ವಿದ್ವತ್ತು

2012ರ ಸೆಪ್ಟೆಂಬರ್ 18ರಂದು ರೋಮ್ ನಗರದಲ್ಲಿ ಈಜಿಪ್ಟಿನ ಪ್ರಾಚೀನ ಕ್ರೈಸ್ತರ ಭಾಷೆಯಾದ ಕಾಪ್ಟಿಕ್‌ನ ಅಧ್ಯಯನದ ಅಂತರರಾಷ್ಟ್ರೀಯ ಸಮ್ಮೇಳನ ನಡೆದಿತ್ತು. ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕಿ ಕರೆನ್ ಕಿಂಗ್ ಅಲ್ಲಿ ಒಂದು ಪಪೈರಸ್ ಚೂರಿನ ಬಗ್ಗೆ ಪ್ರಬಂಧ ಓದಿದರು. ವಿಸಿಟಿಂಗ್ ಕಾರ್ಡಿನಷ್ಟು ಚೂರು, ಒಂದು ಬದಿಯಲ್ಲಿ ಎಂಟು ಮುರುಕು ಸಾಲು. ನಾಲ್ಕನೆಯ ಸಾಲಿನಲ್ಲಿ ಯೇಸುವಿನ ಬಾಯಲ್ಲಿ ‘ನನ್ನ ಹೆಂಡತಿ’ ಎಂಬ ಮಾತು ಬರುತ್ತದೆ. ಮುಂದೇನು ಎನ್ನುವಷ್ಟರಲ್ಲಿ ಪಪೈರಸ್ ಹರಿದುಹೋಗಿದೆ. ಆಯ್ದ ಪತ್ರಕರ್ತರಿಗೆ ವಿಷಯ ಮೊದಲೇ ತಲುಪಿತ್ತು. ಅಮೆರಿಕದ ಸ್ಮಿತ್‌ಸೋನಿಯನ್ ಚಾನೆಲ್ ಸಾಕ್ಷ್ಯಚಿತ್ರ ತಯಾರಿಸುತ್ತಿತ್ತು. ಸಮ್ಮೇಳನದಲ್ಲಿ ನೆರೆದಿದ್ದ ಪರಿಣತರು ಚೂರನ್ನು ಪರಿಶೀಲಿಸಿ ಅಭಿಪ್ರಾಯ ಹೇಳುವ ಮೊದಲೇ ಜಗತ್ತು ಸುದ್ದಿಯನ್ನು ಓದಿಯಾಗಿತ್ತು.

ಯೇಸುವಿಗೆ ಮದುವೆಯಾಗಿತ್ತು ಎನ್ನುವುದಕ್ಕೆ ಇದು ಪುರಾವೆಯಲ್ಲ ಎಂದು ಕಿಂಗ್ ಮೊದಲ ದಿನದಿಂದಲೇ ಹೇಳುತ್ತ ಬಂದರು. ನಂತರದ ಕಾಲದ ಕೆಲವು ಕ್ರೈಸ್ತರು ಹಾಗೆ ನಂಬಿದ್ದರು ಎನ್ನುವುದಷ್ಟೇ ಅವರ ವಾದ. ಆದರೆ ಆ ಚೂರಿಗೆ ‘ಯೇಸುವಿನ ಹೆಂಡತಿಯ ಸುವಾರ್ತೆ’ ಎಂದು ಹೆಸರಿಟ್ಟವರೂ ಅವರೇ. ಎಂಟು ಮುರುಕು ಸಾಲನ್ನು ಸುವಾರ್ತೆ ಎಂದು ಕರೆದು, ಅದರ ಮೇಲೆ ‘ಹೆಂಡತಿ’ ಎಂಬ ಪದವನ್ನು ಅಂಟಿಸಿದ ಮೇಲೆ, ಅಡಿಟಿಪ್ಪಣಿಯ ಎಚ್ಚರಿಕೆಯನ್ನು ಓದುವವರು ಯಾರು?

ಚೂರು ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಕೆಲವೇ ದಿನಗಳಲ್ಲಿ ಡರ್ಹಮ್ ವಿಶ್ವವಿದ್ಯಾಲಯದ ಫ್ರಾನ್ಸಿಸ್ ವಾಟ್ಸನ್ ಅದರ ಪಾಠವನ್ನು ಬಿಡಿಸಿ ತೋರಿಸಿದರು: ಬಹುಪಾಲು ಪದಗುಚ್ಛಗಳನ್ನು ತೋಮನ ಸುವಾರ್ತೆ ಎಂಬ ಪ್ರಸಿದ್ಧ ಕಾಪ್ಟಿಕ್ ಗ್ರಂಥದಿಂದ ಕತ್ತರಿಸಿ ಜೋಡಿಸಲಾಗಿತ್ತು. ಆಮೇಲೆ ಸಂಶೋಧಕ ಆಂಡ್ರ್ಯೂ ಬರ್ನ್‌ಹಾರ್ಡ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ತೋಮನ ಸುವಾರ್ತೆಯ ಒಂದು ಆಧುನಿಕ ಪ್ರತಿ ಅಂತರಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಅದರಲ್ಲಿ ಬೆರಳಚ್ಚಿನ ತಪ್ಪಿನಿಂದ ಒಂದು ಅಕ್ಷರ ಬಿಟ್ಟುಹೋಗಿತ್ತು. ‘ಪ್ರಾಚೀನ’ ಪಪೈರಸ್ಸಿನಲ್ಲೂ ಅದೇ ಜಾಗದಲ್ಲಿ ಅದೇ ಅಕ್ಷರ ಇರಲಿಲ್ಲ.

2014ರ ಏಪ್ರಿಲ್‌ನಲ್ಲಿ ‘ಹಾರ್ವರ್ಡ್ ಥಿಯಾಲಾಜಿಕಲ್ ರಿವ್ಯೂ’ ಕಿಂಗ್ ಅವರ ಲೇಖನವನ್ನು ಪ್ರಯೋಗಾಲಯದ ವರದಿಗಳ ಸಮೇತ ಪ್ರಕಟಿಸಿತು. ಒಂದು ಇಂಗಾಲ ಪರೀಕ್ಷೆ ಪಪೈರಸ್ಸನ್ನು ಕ್ರಿಸ್ತಪೂರ್ವ ಕಾಲಕ್ಕೆ ಒಯ್ದಿತ್ತು, ಇನ್ನೊಂದು ಕ್ರಿ.ಶ. ಏಳರಿಂದ ಒಂಬತ್ತನೆಯ ಶತಮಾನಕ್ಕೆ ತಂದಿತ್ತು. ಶಾಯಿಯಲ್ಲಿ ಆಧುನಿಕ ರಾಸಾಯನಿಕ ಕಾಣಲಿಲ್ಲ. ನಕಲಿ ಎನ್ನಲು ಆಧಾರವಿಲ್ಲ ಎಂದು ಪತ್ರಿಕೆಗಳು ಮತ್ತೆ ಬರೆದವು. ಆದರೆ ಹಳೆಯ ಪಪೈರಸ್ಸಿನ ಬರಿ ತುಂಡುಗಳು ಮಾರುಕಟ್ಟೆಯಲ್ಲಿ ಸಿಗುತ್ತವೆ. ದೀಪದ ಕಾಡಿಗೆಯಿಂದ ಮಸಿ ಮಾಡುವುದು ಯಾರಿಗೂ ಕಷ್ಟವಲ್ಲ. ಹಾಳೆಯ ವಯಸ್ಸು ಬರಹದ ವಯಸ್ಸನ್ನು ಹೇಳುವುದಿಲ್ಲ.

ಕೊನೆಯ ಪೆಟ್ಟು ಬಿದ್ದದ್ದು ಪಕ್ಕದ ದಾರಿಯಿಂದ. ಆ ಚೂರಿನ ಮಾಲೀಕನ ಬಳಿ ಯೋಹಾನನ ಸುವಾರ್ತೆಯ ಇನ್ನೊಂದು ತುಣುಕಿತ್ತು, ಅದೇ ಕೈಬರಹ, ಅದೇ ಮಸಿ. ಕ್ರಿಶ್ಚಿಯನ್ ಆಸ್ಕ್‌ಲ್ಯಾಂಡ್ ಎಂಬ ಯುವ ವಿದ್ವಾಂಸರು ಅದನ್ನು ನೋಡಿದಾಗ 1924ರಲ್ಲಿ ಹರ್ಬರ್ಟ್ ಥಾಂಪ್ಸನ್ ಅಚ್ಚು ಹಾಕಿಸಿದ ಒಂದು ಹಸ್ತಪ್ರತಿಯ ಪಾಠ ಕಣ್ಣಿಗೆ ಬಿತ್ತು. ಆ ಪುಸ್ತಕದ ಸಾಲುಗಳನ್ನು ಒಂದು ಬಿಟ್ಟು ಒಂದರಂತೆ ನಕಲು ಮಾಡಲಾಗಿತ್ತು. ಸಾಲು ಮುರಿದ ಜಾಗವೂ ಹಾಗೇ ಉಳಿದಿತ್ತು. ಜೊತೆಗೆ ಆ ತುಣುಕಿನ ಕಾಪ್ಟಿಕ್ ಉಪಭಾಷೆ ಪಪೈರಸ್ಸಿನ ಕಾಲಕ್ಕಿಂತ ಎಷ್ಟೋ ಮೊದಲೇ ಬಳಕೆಯಿಂದ ಅಳಿದುಹೋಗಿತ್ತು.

ಚೂರು ಎಲ್ಲಿಂದ ಬಂತು ಎಂಬ ಮೊದಲ ಪ್ರಶ್ನೆಯನ್ನು ಕೊನೆಯವರೆಗೆ ಬೆನ್ನಟ್ಟಿದ್ದು ಮಾತ್ರ ವಿದ್ವಾಂಸರಲ್ಲ, ಪತ್ರಕರ್ತ ಏರಿಯಲ್ ಸಾಬರ್. 2016ರಲ್ಲಿ ‘ದಿ ಅಟ್ಲಾಂಟಿಕ್’ ಪತ್ರಿಕೆಗಾಗಿ ಅವರು ಜರ್ಮನಿಯಿಂದ ಫ್ಲೋರಿಡಾದವರೆಗೆ ಜಾಡು ಹಿಡಿದು ಹೋದರು. ಮಾಲೀಕ ಒಂದು ಕಾಲದಲ್ಲಿ ಬರ್ಲಿನ್ನಿನಲ್ಲಿ ಈಜಿಪ್ಟ್ ಅಧ್ಯಯನ ಮಾಡುತ್ತಿದ್ದವನು ಎಂದು ಗೊತ್ತಾಯಿತು. ಚೂರಿನ ಹಿನ್ನೆಲೆಗೆಂದು ಅವನು ಕೊಟ್ಟಿದ್ದ ಕಾಗದಪತ್ರಗಳು ನಂಬಲರ್ಹವಾಗಿ ಉಳಿಯಲಿಲ್ಲ. ಆ ಲೇಖನ ಬಂದ ಮೇಲೆ ಕಿಂಗ್ ಅವರೇ, ಇದು ನಕಲಿ ಎನ್ನುವ ಕಡೆಗೆ ತಕ್ಕಡಿ ವಾಲಿದೆ ಎಂದು ಒಪ್ಪಿಕೊಂಡರು. ಹಾಗೆ ಒಪ್ಪಿಕೊಂಡದ್ದು ಅವರ ಹಿರಿಮೆ. ಆದರೆ ನಾಲ್ಕು ವರ್ಷ ಅವರ ಕೈಗೆ ಎಟುಕುತ್ತಿದ್ದ ಆ ಜಾಡನ್ನು ಹಾರ್ವರ್ಡ್‌ನ ಯಾರೂ ಹಿಡಿಯಲಿಲ್ಲ.

ಏಕೆ ಹಿಡಿಯಲಿಲ್ಲ? ದಡ್ಡತನದಿಂದಲ್ಲ. ಆದಿ ಕ್ರೈಸ್ತ ಸಮಾಜದಲ್ಲಿ ಹೆಂಗಸರ ಸ್ಥಾನದ ಬಗ್ಗೆ ಕಿಂಗ್ ಮಾಡಿದ ಕೆಲಸ ದೊಡ್ಡದು. ಮರಿಯಳ ಸುವಾರ್ತೆಯ ಬಗ್ಗೆ ಅವರು ಬರೆದ ಪುಸ್ತಕವನ್ನು ಕಡೆಗಣಿಸುವಂತಿಲ್ಲ. ತೊಂದರೆ ಇದ್ದದ್ದು ಬೇರೆಡೆ: ಆ ಚೂರು ಉದಾರವಾದಿ ಕ್ರೈಸ್ತರು ಕೇಳಲು ಬಯಸಿದ್ದ ಮಾತನ್ನೇ ಹೇಳುತ್ತಿತ್ತು. ಅದರ ಐದನೆಯ ಸಾಲಿನಲ್ಲಿ ಒಬ್ಬ ಹೆಂಗಸು ಶಿಷ್ಯೆಯಾಗಬಲ್ಲಳು ಎಂಬ ಮಾತೂ ಇತ್ತು. ಸಂಪ್ರದಾಯವಾದಿಗಳ ದಾಖಲೆಯನ್ನು ನೂರು ಬಾರಿ ಜರಡಿ ಹಿಡಿಯುವ ವಿದ್ವತ್ತು, ತನಗೆ ಪ್ರಿಯವಾದ ದಾಖಲೆ ಎದುರಾದಾಗ ಜರಡಿಯನ್ನು ಕೆಳಗಿಟ್ಟಿತು.

ಜನಪ್ರಿಯ ಸಂಸ್ಕೃತಿ ಆ ನೆಲವನ್ನು ಮೊದಲೇ ಹದಗೊಳಿಸಿತ್ತು. ಯೇಸು ಮಗ್ದಲದ ಮರಿಯಳನ್ನು ಮದುವೆಯಾಗಿದ್ದ ಎಂದು ಕಥೆ ಹೆಣೆದ, 2003ರಲ್ಲಿ ಬಂದ ಡ್ಯಾನ್ ಬ್ರೌನ್ ಅವರ ಕಾದಂಬರಿ ‘ದ ಡಾ ವಿಂಚಿ ಕೋಡ್’ ಕೋಟಿಗಟ್ಟಲೆ ಪ್ರತಿ ಮಾರಾಟವಾಯಿತು. 2006ರಲ್ಲಿ ಚಲನಚಿತ್ರ ಬಂದಾಗ ಭಾರತದ ಹಲವು ರಾಜ್ಯಗಳು ಅದನ್ನು ನಿಷೇಧಿಸಿದವು. ಆಂಧ್ರ ಮತ್ತು ತಮಿಳುನಾಡಿನ ನಿಷೇಧವನ್ನು ಹೈಕೋರ್ಟ್‌ಗಳು ರದ್ದು ಮಾಡಿದವು. ನಿಷೇಧ ತಪ್ಪು. ಆ ಕಾದಂಬರಿಗೆ ಸರಿಯಾದ ಉತ್ತರ ಇತಿಹಾಸದಲ್ಲೇ ಇತ್ತು. ಕಾದಂಬರಿಯ ಆರಂಭದಲ್ಲಿ ಸತ್ಯಸಂಗತಿ ಎಂದು ಹೇಳಿಕೊಂಡಿರುವ ‘ಪ್ರಯರಿ ಆಫ್ ಸಯನ್’ ಎಂಬ ಗುಪ್ತ ಸಂಘ 1099ರದ್ದಲ್ಲ; 1956ರಲ್ಲಿ ಪಿಯರ್ ಪ್ಲಾಂಟಾರ್ ಎಂಬ ಫ್ರೆಂಚನು ಹುಟ್ಟುಹಾಕಿದ್ದು, ಅದರ ವಂಶಾವಳಿ ಕೃತಕವಾಗಿ ಸೃಷ್ಟಿಸಿದ ದಾಖಲೆ. ಯೇಸು ಮಗ್ದಲದ ಮರಿಯಳನ್ನು ಚುಂಬಿಸುತ್ತಿದ್ದ ಎನ್ನುವ ಫಿಲಿಪ್ಪನ ಸುವಾರ್ತೆಯ ಪ್ರಸಿದ್ಧ ವಾಕ್ಯವಂತೂ, ಎಲ್ಲಿ ಎಂದು ಹೇಳಬೇಕಾದ ಜಾಗದಲ್ಲಿ ಹಸ್ತಪ್ರತಿ ತೂತಾಗಿರುವ ಪಾಠ.

ಸಂಪ್ರದಾಯವಾದಿಗಳು ಈ ಇಡೀ ಪ್ರಕರಣವನ್ನು ತಮ್ಮ ಗೆಲುವು ಎಂದು ಮೆರೆಸುತ್ತಾರೆ. ಅದು ಸರಿಯಲ್ಲ. ವ್ಯಾಟಿಕನ್ನಿನ ಪತ್ರಿಕೆ ಆ ಚೂರನ್ನು ನಕಲಿ ಎಂದು ಕೂಗಿದ್ದು ನಿಜ. ಆದರೆ ಅದನ್ನು ಸಾಬೀತು ಮಾಡಿದ್ದು ಪಾಠಗಳ ತುಲನೆ, ಉಪಭಾಷೆಯ ಚರಿತ್ರೆ, ಹಸ್ತಪ್ರತಿಗಳ ತಾಳೆ. ಬೈಬಲನ್ನು ಮನುಷ್ಯರು ಬರೆದ ಗ್ರಂಥವಾಗಿ ಓದಲು ಎರಡು ಶತಮಾನದಿಂದ ಬಳಸಿದ ಉಪಕರಣಗಳೇ ಇವು. ಪಂಚಗ್ರಂಥಗಳನ್ನು ಮೋಶೆ ಒಬ್ಬನೇ ಬರೆದನೆಂದು ಒಪ್ಪದ ವಿಧಾನವನ್ನು ಧರ್ಮದ್ರೋಹ ಎನ್ನುವವರು, ತಮಗೆ ಬೇಕಾದಾಗ ಮಾತ್ರ ಅದರ ಫಲ ಉಣ್ಣುವಂತಿಲ್ಲ.

ಇನ್ನೂ ನೋವಿನ ಸಂಗತಿ, ಉದಾರವಾದಿ ಕ್ರೈಸ್ತರಿಗೆ ಈ ಹೆಂಡತಿಯ ಅಗತ್ಯವೇ ಇರಲಿಲ್ಲ. ರೋಮಾಪುರದವರಿಗೆ ಪೌಲ ಬರೆದ ಪತ್ರದ ಹದಿನಾರನೆಯ ಅಧ್ಯಾಯ ಸಾಕು. ಅಲ್ಲಿ ಕೆಂಖ್ರೆಯ ಸಭೆಯ ಸೇವಕಿ ಫೊಯಿಬೆ ಇದ್ದಾಳೆ, ಪ್ರಿಸ್ಕ ಇದ್ದಾಳೆ, ಅಪೊಸ್ತಲರಲ್ಲಿ ಹೆಸರಾದ ಯೂನ್ಯ ಇದ್ದಾಳೆ. ನಾಲ್ಕನೆಯ ಶತಮಾನದಲ್ಲಿ ಹುಟ್ಟಿದ ಜಾನ್ ಕ್ರಿಸೋಸ್ತೋಮ್ ಅವಳನ್ನು ಹೆಂಗಸೆಂದೇ ತಿಳಿದು ಹೊಗಳಿದ್ದರು. ಎಷ್ಟೋ ಕಾಲದ ನಂತರದವರು ಅವಳನ್ನು ಗಂಡಸಾಗಿಸಿದರು. ಎಲ್ಡನ್ ಎಪ್ 2005ರಲ್ಲಿ ಯೂನ್ಯಳ ಬಗ್ಗೆ ಒಂದು ಪುಸ್ತಕವನ್ನೇ ಬರೆದು ಅವಳನ್ನು ಮರಳಿ ತಂದರು. ಅದಕ್ಕೆ ಟಿವಿ ಕಾರ್ಯಕ್ರಮ ಇರಲಿಲ್ಲ. ಮಗ್ದಲದ ಮರಿಯಳನ್ನು 591ರಲ್ಲಿ ಪೋಪ್ ಗ್ರೆಗರಿ ಪಾಪಿ ಹೆಂಗಸೆಂದು ಸಾರಿದರು. ಯೋಹಾನನ ಸುವಾರ್ತೆಯಲ್ಲಿ ಎದ್ದುಬಂದ ಯೇಸುವನ್ನು ಮೊದಲು ಕಂಡವಳು ಅವಳು. ಪುನರುತ್ಥಾನದ ಮೊದಲ ಸಾಕ್ಷಿಯನ್ನು ಯಾರದೋ ಹೆಂಡತಿಯಾಗಿ ಮಾತ್ರ ಕಾಣುವ ಆಸೆ ಅವಳನ್ನು ಎತ್ತರಕ್ಕೆ ಒಯ್ಯುವುದಿಲ್ಲ, ಮನೆಯ ಹೊಸ್ತಿಲಿಗೆ ಇಳಿಸುತ್ತದೆ.

ಚರ್ಚ್ ಆಫ್ ಸೌತ್ ಇಂಡಿಯಾ (ಸಿಎಸ್‌ಐ) 2013ರಲ್ಲಿ ನಂದ್ಯಾಲಕ್ಕೆ ಪುಷ್ಪಾ ಲಲಿತಾ ಅವರನ್ನು ಬಿಷಪ್ ಮಾಡಿತು. ಕರ್ನಾಟಕದ ಸಿಎಸ್‌ಐ ಸಭೆಗಳೂ ಅದೇ ಚರ್ಚಿನವು. ಆ ದೀಕ್ಷೆಗೆ ಫ್ಲೋರಿಡಾದ ಪಪೈರಸ್ ಬೇಕಾಗಲಿಲ್ಲ.

2016ರಲ್ಲಿ ‘ಹಾರ್ವರ್ಡ್ ಥಿಯಾಲಾಜಿಕಲ್ ರಿವ್ಯೂ’, ತಾನು ಚೂರಿನ ಸಾಚಾತನದ ಬಗ್ಗೆ ಎಂದೂ ತೀರ್ಪು ಕೊಟ್ಟಿಲ್ಲ, ಹಾಗಾಗಿ ಲೇಖನವನ್ನು ಹಿಂತೆಗೆದುಕೊಳ್ಳುವ ಪ್ರಶ್ನೆಯಿಲ್ಲ ಎಂಬ ನಿಲುವು ತಳೆಯಿತು. ಪ್ರಯೋಗಾಲಯದ ವರದಿಗಳ ಜೊತೆ ಅಷ್ಟು ಪುಟ ಕೊಟ್ಟ ಪತ್ರಿಕೆ ಹೀಗೆ ಜಾರಿಕೊಳ್ಳಬಾರದಿತ್ತು. ಆ ಲೇಖನದ ಮೊದಲ ಪುಟದಲ್ಲೇ ಇದು ನಕಲಿ ಎಂದು ಬರೆದು, ವಾಟ್ಸನ್, ಬರ್ನ್‌ಹಾರ್ಡ್, ಆಸ್ಕ್‌ಲ್ಯಾಂಡ್ ಅದನ್ನು ಹೇಗೆ ಕಂಡುಹಿಡಿದರು ಎಂಬುದನ್ನೂ ಸೇರಿಸಬೇಕು. ಮಾಲೀಕನ ಗುರುತು ಮತ್ತು ವಸ್ತುವಿನ ಹಿನ್ನೆಲೆ ಬಹಿರಂಗವಾಗದ ಯಾವ ಪಪೈರಸ್ಸನ್ನೂ ಇನ್ನು ಮುಂದೆ ಪ್ರಕಟಿಸುವುದಿಲ್ಲ ಎಂದು ಘೋಷಿಸಬೇಕು.